ಮಳೆಯಲ್ಲೇ ಬೇಸಿಗೆ



ನಾರ್ವೆಯ ಪಶ್ಚಿಮ ಕರಾವಳಿಯ ಬೆರ್ಗೆನ್ ಊರಿನಲ್ಲಿ ಜುಲೈ ಎಂದರೆ ನಡುಬೇಸಿಗೆ. ರಾತ್ರಿ ಹತ್ತಾದರೂ ಬೆಳಕು. ಆದರೆ ಮಳೆ ಹಿಡಿದ ವಾರ ಉಷ್ಣತೆ 13-14 ಡಿಗ್ರಿ ದಾಟುವುದೇ ಕಷ್ಟ. ಅಟ್ಲಾಂಟಿಕ್ ಸಾಗರದ ತೇವ ಹೊತ್ತ ಗಾಳಿ ಊರ ಸುತ್ತಲ ಬೆಟ್ಟಗಳನ್ನೇರಿ, ತಣಿದು, ಮಳೆಯಾಗುತ್ತದೆ. ನಮ್ಮ ಆಗುಂಬೆಯಲ್ಲಿ ಮುಂಗಾರು ಸುರಿಯುವುದೂ ಹೀಗೆಯೇ.

ವರ್ಷಕ್ಕೆ 200ಕ್ಕೂ ಹೆಚ್ಚು ದಿನ ಮಳೆ ಕಾಣುವ ಅಲ್ಲಿನ ಜನ ಬೇಸಿಗೆ ಕೆಟ್ಟಿತೆಂದು ಬಾಗಿಲು ಹಾಕಿಕೊಂಡು ಕೂರುವುದಿಲ್ಲ. ಶಿಶುವಿಹಾರದ ಪುಟಾಣಿಗಳು ರಬ್ಬರ್ ಬೂಟು, ರೇನ್‌ಕೋಟು ತೊಟ್ಟು ಕೆಸರಿನಲ್ಲೇ ಆಡುತ್ತಾರೆ. ಬಿಸಿಲು ಇಣುಕಿತೋ, ಹೋಟೆಲುಗಳ ಹೊರಗಿನ ಕುರ್ಚಿಗಳೆಲ್ಲ ಭರ್ತಿ.

ಹವೆ ಯಾರ ಮಾತನ್ನೂ ಕೇಳುವುದಿಲ್ಲ. ಮಾಡಬೇಕಾದ ಕೆಲಸವನ್ನು ಒಳ್ಳೆಯ ದಿನ ಬರಲಿ ಎಂದು ಮುಂದೂಡಬೇಡಿ, ಇವತ್ತೇ ಶುರುಮಾಡಿ.