ಇಲಿ ಬೀಳದ ಜ್ವರ



‘ಇಲಿ ಬಿತ್ತು’ ಎಂದರೆ ಸಾಕು, ನಮ್ಮ ಅಜ್ಜಂದಿರು ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕುತ್ತಿದ್ದರು. ಪ್ಲೇಗಿನ ಇಲಿ ತಾನು ಸತ್ತು ಮನುಷ್ಯನಿಗೆ ಸೂಚನೆಯನ್ನಾದರೂ ಕೊಡುತ್ತಿತ್ತು. ಸೂಚನೆಯನ್ನೇ ಕೊಡದ ಇಲಿಯೂ ಉಂಟು. ಇಂದು ನಾವು ಹೇಳಹೊರಟಿರುವುದು ಅದರ ಸಂಗತಿ.

ಕೊರಿಯಾದ ಯುದ್ಧದಲ್ಲಿ, 1951ರಿಂದ 1953ರೊಳಗೆ, ವಿಶ್ವಸಂಸ್ಥೆಯ ಪಡೆಗಳ 3,000ಕ್ಕೂ ಹೆಚ್ಚು ಸೈನಿಕರಿಗೆ ಒಂದು ಜ್ವರ ಬಂತು. ಮೈಯೊಳಗೆ ರಕ್ತಸ್ರಾವ, ಮೂತ್ರಪಿಂಡಕ್ಕೆ ಪೆಟ್ಟು, ಹಲವರಿಗೆ ಸಾವು. ಯುದ್ಧ ನಿಂತು 20 ವರ್ಷ ಕಳೆದರೂ ಅದರ ಮೂಲ ಸಿಕ್ಕಲಿಲ್ಲ.

ಕೊನೆಗೆ 1976ರಲ್ಲಿ ಅದನ್ನು ಹಿಡಿದವರು ಅದೇ ದೇಶದ ಡಾ. ಲೀ ಹೋ ವಾಂಗ್. ಅವರ ಯುಕ್ತಿ ಕೇಳತಕ್ಕದ್ದು. ರೋಗ ಗುಣವಾದವನ ರಕ್ತದಲ್ಲಿ ಆ ರೋಗಾಣುವನ್ನು ಗುರುತು ಹಿಡಿಯುವ ವಸ್ತು ಉಳಿದಿರುತ್ತದೆ. ಹೊಲದಲ್ಲಿ ಹಿಡಿದ ಇಲಿಗಳ ಪುಪ್ಪುಸವನ್ನು ತೆಳ್ಳಗೆ ಸೀಳಿ, ಅದರ ಮೇಲೆ ಗುಣವಾದವರ ರಕ್ತದ ತಿಳಿಯನ್ನು ಹಾಕಿ, ಹೊಳೆಯುವ ಬಣ್ಣ ಕೂಡಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಬೆನ್ನ ಮೇಲೆ ಕರಿಗೆರೆಯುಳ್ಳ ಹೊಲದಿಲಿಯ ಪುಪ್ಪುಸ ಮಿನುಗಿತು! ವೈರಸ್ ಅಲ್ಲಿತ್ತು, ಇಲಿ ಮಾತ್ರ ಆರೋಗ್ಯವಾಗಿಯೇ ಇತ್ತು. ಹಂಟಾನ್ ನದಿಯ ಹೆಸರನ್ನೇ ವೈರಸ್ಸಿಗೆ ಇಟ್ಟರು. ಹೆಸರು ಬಂದದ್ದು ಡಾಕ್ಟರರಿಗೆ, ಅದು ನ್ಯಾಯವೇ. ಆದರೆ ಅವರ ತಂಡದ ಕೆಲಸಗಾರರಿಗೂ ಅದೇ ಜ್ವರ ತಗಲಿತೆಂಬುದನ್ನು ನಾವು ಮರೆಯಲಾಗದು.

ಇದು ಹೊಲಗದ್ದೆಯವರ ಕಷ್ಟವೆಂದು ನಾವು ಸುಮ್ಮನಿರುವಂತಿಲ್ಲ. ಹೊಲದ ಮುಖ ಕಾಣದ ಸಿಯೋಲ್ ನಗರವಾಸಿಗಳಿಗೂ ರೋಗ ಬಂದಾಗ, 1980ರ ಸುಮಾರಿಗೆ, ಅದೇ ಡಾಕ್ಟರರು ಪಟ್ಟಣದ ಇಲಿಗಳಲ್ಲಿ ಆ ವೈರಸ್ಸಿನ ದಾಯಾದಿಯೊಂದನ್ನು ಕಂಡರು. ಚರಂಡಿಗಳಲ್ಲಿ ವಾಸಿಸುವ ಆ ದೊಡ್ಡ ಇಲಿ ಹಡಗು ಹತ್ತಿ ಲೋಕದ ಬಂದರುಗಳನ್ನೆಲ್ಲ ಸೇರಿರುವ ಜಾತಿ.

ಈ ವೈರಸ್ ಹರಡಲು ಇಲಿ ಕಚ್ಚಬೇಕೆಂದಿಲ್ಲ. ಅದರ ಮೂತ್ರ, ಹಿಕ್ಕೆ ಒಣಗಿ ಧೂಳಾಗಿ ಎದ್ದರೆ ಉಸಿರಿನೊಡನೆ ಒಳಗೆ ಹೋಗುತ್ತದೆ. ಹೋಟೆಲಿನ ಉಗ್ರಾಣವಾಗಲಿ, ಗಿರಣಿಯ ಗೋದಾಮಾಗಲಿ, ಬೀಗ ತೆಗೆದೊಡನೆ ಬರಬರನೆ ಕಸ ಗುಡಿಸುವುದು ನಮ್ಮವರ ರೂಢಿ. ಹಾಗೆ ಮಾಡಬೇಡಿ. ಮೊದಲು ಬಾಗಿಲು ಕಿಟಕಿ ತೆರೆದು ಅರ್ಧ ತಾಸು ಗಾಳಿಯಾಡಬಿಡಿ. ಬ್ಲೀಚಿಂಗ್ ಪುಡಿ ಕದಡಿದ ನೀರು ಚಿಮುಕಿಸಿ, ಚೆನ್ನಾಗಿ ನೆನೆದ ಮೇಲೆ ಒದ್ದೆ ಬಟ್ಟೆಯಿಂದ ಬಳಿದು ತೆಗೆಯಿರಿ. ಸತ್ತ ಇಲಿಯನ್ನು ಬರಿಗೈಯಲ್ಲಿ ಎತ್ತಬೇಡಿ. ರಬ್ಬರಿನ ಕೈಗವಸು ಕೊಡಿಸುವುದು ಮಾಲಕರ ಹೊಣೆ. ಕೇಳಲು ಸಂಕೋಚವಾದರೆ ಸಂಘದ ಕಚೇರಿಗೆ ಬನ್ನಿ, ನಾವು ಜತೆಗೆ ಬಂದು ಕೇಳುತ್ತೇವೆ.