ಎಷ್ಟು ಹೊತ್ತಲ್ಲಿ ಬಂದೆ?

(ಸುವರ್ಣ ಮಹೋತ್ಸವದ ಎರಡನೆಯ ದಿನ, ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಆಡಿದ ಮಾತುಗಳ ಬರಹರೂಪ)



ಸಾಫ್ಟ್‌ವೇರ್ ಕೆಲಸದ ಬಗ್ಗೆ, ಮಕ್ಕಳು ಮುಂದೆ ಏನು ಓದಬೇಕು ಎಂಬ ಬಗ್ಗೆ ನಾಲ್ಕು ಮಾತಾಡು ಎಂದು ಸಮಿತಿಯವರು ಹೇಳಿದ್ದರು. ಅದನ್ನೇ ಬರೆದುಕೊಂಡು ಬಂದಿದ್ದೆ. ಇಲ್ಲಿ ಕಾರಿಳಿದ ಮೇಲೆ ಆ ಚೀಟಿ ಜೇಬಿನಲ್ಲೇ ಉಳಿಯಿತು.

ಬೆಳಿಗ್ಗೆ ಸಿಕ್ಕವರೆಲ್ಲ ಕೇಳಿದ್ದು ಒಂದೇ ಪ್ರಶ್ನೆ: "ಬೆಂಗಳೂರಿಂದ ಎಷ್ಟು ಹೊತ್ತಲ್ಲಿ ಬಂದೆ?" ನೆಲಮಂಗಲ, ಕುಣಿಗಲ್, ಬೆಳ್ಳೂರು ಕ್ರಾಸ್, ಹಿರೀಸಾವೆ ಎಂದು ಒಂದೊಂದಾಗಿ ಹೇಳಿ, "ಎರಡೂಕಾಲು ಗಂಟೆ" ಎಂದು ಎದೆಯುಬ್ಬಿಸಿ ಹೇಳಿದೆ. ಇನ್ನೊಬ್ಬ ಗೆಳೆಯ ತಾನು ಎರಡೇ ಗಂಟೆಯಲ್ಲಿ ಬಂದೆ ಎಂದ. ನನಗೆ ಸ್ವಲ್ಪ ಅವಮಾನವೂ ಆಯಿತು. ಪಕ್ಕದಲ್ಲಿ ನಿಂತು ಕೇಳುತ್ತಿದ್ದ ನಮ್ಮ ಪಿ.ಟಿ. ಮೇಷ್ಟ್ರು, "ಅದು ಸರಿ ಕಣಪ್ಪಾ, ನಮ್ಮ ಗೇಟಿನ ಮುಂದೆ ಎಷ್ಟರಲ್ಲಿ ಬಂದೆ?" ಎಂದರು.

ನನಗೆ ಉತ್ತರ ಗೊತ್ತಿರಲಿಲ್ಲ. ಮೀಟರ್ ನೋಡಿರಲಿಲ್ಲ. ಆ ಪ್ರಶ್ನೆಯಿಂದಲೇ ಇದುವರೆಗೆ ಯಾರಿಗೂ ಪೂರ್ತಿ ಹೇಳದ ಒಂದು ಸಂಗತಿಯನ್ನು ಇಲ್ಲಿ ಹೇಳಬೇಕೆನಿಸಿದೆ.

ಬಿ.ಇ. ಮುಗಿಸಿ ಮೊದಲ ಕೆಲಸಕ್ಕೆ ಸೇರಿದಾಗ ಶಿವಾಜಿನಗರದ ಹತ್ತಿರ ನಾಲ್ವರು ಸೇರಿ ಒಂದು ರೂಮು ಮಾಡಿದ್ದೆವು. ಮೊದಲ ಆರು ತಿಂಗಳ ಸಂಬಳದಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಬೈಕು ತೆಗೆದುಕೊಂಡೆ. ಕಮರ್ಷಿಯಲ್ ಸ್ಟ್ರೀಟ್ ನಿಮ್ಮಲ್ಲಿ ಬಹಳ ಜನಕ್ಕೆ ಗೊತ್ತು. ಮದುವೆ ಬಟ್ಟೆಗೆಂದು ಇಲ್ಲಿಂದ ಹೋದವರೂ ಇದ್ದೀರಿ. ಸಂಜೆ ಹೊತ್ತು ಅಲ್ಲಿ ಬೈಕು ಇರಲಿ, ಕೈಚೀಲ ಹಿಡಿದು ನಡೆಯುವುದೂ ಕಷ್ಟ. ಆದರೆ ಬೆಳಿಗ್ಗೆ ಎಂಟೂವರೆಗೆ ಅಂಗಡಿಗಳ ಷಟರ್ ಇಳಿದಿರುತ್ತದೆ, ಬೀದಿ ಖಾಲಿ. ಆಫೀಸಿಗೆ ಬೇರೆ ದಾರಿ ಇದ್ದರೂ ನಾನು ಅಲ್ಲಿಂದಲೇ ಹೋಗುತ್ತಿದ್ದೆ. ಖಾಲಿ ರಸ್ತೆ ಕಂಡರೆ ಕೈ ಸುಮ್ಮನಿರುತ್ತಿರಲಿಲ್ಲ.

ಅವತ್ತು ದೀಪಾವಳಿ ಹತ್ತಿರವಿತ್ತು. ಒಂದು ಸೀರೆ ಅಂಗಡಿ ಬೇಗ ತೆರೆದಿತ್ತು. ಬಾಗಿಲ ಮುಂದಿನ ಬೊಂಬೆಗೆ ಒಬ್ಬರು ಸೀರೆ ಉಡಿಸುತ್ತಿದ್ದರು. ನೆರಿಗೆ ಸರಿಯಾಗಿ ಬಿದ್ದಿದೆಯೇ ಎಂದು ದೂರದಿಂದ ನೋಡಲು ಅವರು ಎರಡು ಹೆಜ್ಜೆ ಹಿಂದಕ್ಕೆ ಇಟ್ಟರು. ಎರಡನೆಯ ಹೆಜ್ಜೆ ರಸ್ತೆಗೆ ಬಿತ್ತು. ನಾನು ಬ್ರೇಕ್ ಹಿಡಿಯುವಷ್ಟರಲ್ಲಿ ಬೈಕಿನ ಹ್ಯಾಂಡಲ್ ಅವರಿಗೆ ಬಡಿದು ಇಬ್ಬರೂ ಬಿದ್ದೆವು. ಎದ್ದಾಗ ನನ್ನ ಬಾಯಿಂದ ಮೊದಲು ಬಂದ ಮಾತು, "ಕಣ್ ಕಾಣಲ್ವಾ?"

ಅವರ ಬಲಗೈ ಮಣಿಕಟ್ಟು ಮುರಿದಿತ್ತು. ಆಟೋದಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದೆ, ಖರ್ಚು ಕೊಟ್ಟೆ. ಡಾಕ್ಟರು "ಎಷ್ಟು ಸ್ಪೀಡಲ್ಲಿದ್ರಿ?" ಎಂದು ಕೇಳಿದಾಗ "ಮೂವತ್ತು ಸಾರ್" ಎಂದೆ. ಮುಳ್ಳು ಐವತ್ತು ದಾಟಿತ್ತು. ನೋವಿನಲ್ಲಿದ್ದ ಆ ಅಣ್ಣ ನನ್ನ ಪರವಾಗಿಯೇ, "ನಂದೇ ತಪ್ಪು ಸಾರ್, ನಾನೇ ಹಿಂದೆ ನೋಡ್ಲಿಲ್ಲ" ಎಂದರು. ಕಂಪ್ಲೇಂಟೂ ಕೊಡಲಿಲ್ಲ. ನಾನು ಬಚಾವಾದೆ ಅಂದುಕೊಂಡೆ.

ಮೂವತ್ತಕ್ಕೂ ಐವತ್ತಕ್ಕೂ ಏನು ಮಹಾ ವ್ಯತ್ಯಾಸ ಎನ್ನಬಹುದು. ಒಂಬತ್ತನೇ ಕ್ಲಾಸಿನಲ್ಲಿ ಸೈನ್ಸ್ ಮೇಷ್ಟ್ರು ಇದೇ ಕಟ್ಟಡದ ಬೋರ್ಡಿನ ಮೇಲೆ ಚಲನಶಕ್ತಿಯ ಸೂತ್ರ ಬರೆದಿದ್ದರು, ಅರ್ಧ ಎಂ ವಿ ವರ್ಗ. ಎರಡು ಮಾರ್ಕಿಗೆ ಬಾಯಿಪಾಠ ಮಾಡಿದ್ದೆ. ಆಮೇಲೊಂದು ರಾತ್ರಿ ಲೆಕ್ಕ ಹಾಕಿದೆ. 30 ಕಿ.ಮೀ. ವೇಗದ ಗಾಡಿ ಒಂದು ಸೆಕೆಂಡಿಗೆ 8 ಮೀಟರಿಗಿಂತ ಸ್ವಲ್ಪ ಹೆಚ್ಚು ಓಡುತ್ತದೆ. ಅಡ್ಡ ಬಂದದ್ದು ಕಣ್ಣಿಗೆ ಬಿದ್ದು ಕೈ ಬ್ರೇಕಿಗೆ ಹೋಗಲು ಒಂದು ಸೆಕೆಂಡು ಬೇಕು. ರಸ್ತೆ ಒಣಗಿದ್ದು ಬ್ರೇಕ್ ಚೆನ್ನಾಗಿದ್ದರೆ ಗಾಡಿ ಒಟ್ಟು 13 ಮೀಟರಿನೊಳಗೆ ನಿಲ್ಲುತ್ತದೆ. 50ರಲ್ಲಿ ಬರುವವನು ಆ ಒಂದು ಸೆಕೆಂಡಿನಲ್ಲೇ ಸುಮಾರು 14 ಮೀಟರ್ ಹೋಗಿರುತ್ತಾನೆ. ಅಂದರೆ ಮೂವತ್ತರವನು ಪೂರ್ತಿ ನಿಂತ ಜಾಗದಲ್ಲಿ ಐವತ್ತರವನು ಇನ್ನೂ ಬ್ರೇಕ್ ಮುಟ್ಟಿರುವುದೇ ಇಲ್ಲ. ಬಡಿತದ ಜೋರು ಎರಡೂಮುಕ್ಕಾಲು ಪಟ್ಟು. ನಾನು ಡಾಕ್ಟರಿಗೆ ಹೇಳಿದ ಸುಳ್ಳು ನಿಜವಾಗಿದ್ದಿದ್ದರೆ ಆ ಅಣ್ಣನಿಗೆ ಏನೂ ಆಗುತ್ತಿರಲಿಲ್ಲ.

2020ರ ಫೆಬ್ರವರಿಯಲ್ಲಿ ಸ್ಟಾಕ್‌ಹೋಮ್‌ನಲ್ಲಿ ಹಲವು ದೇಶಗಳ ಮಂತ್ರಿಗಳು ಸೇರಿ, ನಡೆಯುವವರೂ ವಾಹನಗಳೂ ಬೆರೆಯುವ ಕಡೆ ಗಂಟೆಗೆ 30 ಕಿ.ಮೀ. ಮಿತಿ ಇರಬೇಕು ಎಂದು ಘೋಷಣೆ ಹೊರಡಿಸಿದರು. ನಮ್ಮಜ್ಜನಿಗೆ ಇದನ್ನು ಯಾರೂ ಹೇಳಬೇಕಿರಲಿಲ್ಲ. ಎತ್ತಿನಗಾಡಿ ಊರೊಳಗೆ ಬಂತೆಂದರೆ ಅವರು ಮೂಕಿಯಿಂದ ಇಳಿದು, ಹಗ್ಗ ಹಿಡಿದು ಎತ್ತಿನ ಪಕ್ಕದಲ್ಲೇ ನಡೆಯುತ್ತಿದ್ದರು. ಮಕ್ಕಳು ಅಡ್ಡ ಬರುತ್ತವೆ ಎಂಬುದು ಅವರಿಗೆ ಮಕ್ಕಳ ತಪ್ಪಾಗಿ ಕಾಣುತ್ತಿರಲಿಲ್ಲ.

ಆ ಅಪಘಾತದಿಂದ ನನ್ನ ಬುದ್ಧಿ ನೆಟ್ಟಗಾಯಿತು ಎಂದರೆ ಅದೂ ಸುಳ್ಳಾದೀತು. ಆಮೇಲೆ ಕಾರು ಬಂತು. 2023ರ ಫೆಬ್ರವರಿಯಲ್ಲಿ ಬಾಕಿ ಉಳಿದ ಟ್ರಾಫಿಕ್ ದಂಡಕ್ಕೆ ಸರ್ಕಾರ ಅರ್ಧ ರಿಯಾಯಿತಿ ಕೊಟ್ಟಾಗ ಜನ ಮುಗಿಬಿದ್ದು ಕಟ್ಟಿದ್ದು ನೆನಪಿರಬಹುದು. ನನ್ನ ಹೆಸರಿನಲ್ಲೂ ಮೂರು ಕೇಸಿದ್ದವು, ಎರಡು ಅತಿವೇಗದವು. ಕಮರ್ಷಿಯಲ್ ಸ್ಟ್ರೀಟಿನ ಆಷಾಢ ಸೇಲಿನಲ್ಲಿ ಶರ್ಟು ತಂದಷ್ಟೇ ಖುಷಿಯಲ್ಲಿ ಕಟ್ಟಿ ಬಂದೆ. ನಾನು ಬೆಲೆ ಕೊಡುತ್ತಿದ್ದುದು ದಂಡಕ್ಕೆ ಮಾತ್ರ. ಮ್ಯಾಪಿನ ದನಿ "ಮುಂದೆ ಕ್ಯಾಮೆರಾ ಇದೆ" ಎಂದರೆ ಕಾಲು ತಾನಾಗಿ ಬ್ರೇಕಿಗೆ ಹೋಗುತ್ತದೆ, ಕ್ಯಾಮೆರಾ ದಾಟಿದ ಮೇಲೆ ಮತ್ತೆ ಅದೇ ಓಟ. ಮಕ್ಕಳ ಚಿತ್ರದ ಕೆಂಪಂಚಿನ ಬೋರ್ಡು ಕಂಡರೆ ಕಾಲು ಕದಲುವುದಿಲ್ಲ. ಇವತ್ತು ನಮ್ಮ ಗೇಟಿನ ಮುಂದೆ ಆದದ್ದೂ ಅದೇ ಇರಬೇಕು.

ಹೈವೇ ಬಿಟ್ಟು ಇಲ್ಲಿಗೆ 12 ಕಿ.ಮೀ. ಅರವತ್ತರಲ್ಲಿ ಬಂದರೆ 12 ನಿಮಿಷ, ಎಂಬತ್ತರಲ್ಲಿ ಬಂದರೆ 9. ನಾನು ಉಳಿಸಿದ್ದು ಮೂರು ನಿಮಿಷ. ಮುಖ್ಯ ಅತಿಥಿಗಳು ಮುಕ್ಕಾಲು ಗಂಟೆ ತಡವಾಗಿ ಬಂದರು ಎನ್ನುವುದು ಬೇರೆ ಮಾತು. (ಅವರು ಕ್ಷಮಿಸಬೇಕು.)

ನಮ್ಮವರದೂ ತಪ್ಪಿಲ್ಲ ಎನ್ನಲಾರೆ. ಡಾಂಬರಿನ ಮೇಲೆ ಹುರುಳಿ ಹರಡುವುದು, ಹೆಲ್ಮೆಟ್ಟಿಲ್ಲದೆ ಒಂದೇ ಬೈಕಿನಲ್ಲಿ ಮೂವರು ಹೋಗುವುದು, ರಾತ್ರಿ ಎದುರಿನವನ ಕಣ್ಣಿಗೆ ಪೂರ್ತಿ ಲೈಟು ಹೊಡೆಯುವುದು, ಇವೆಲ್ಲ ನಿಲ್ಲಬೇಕು. ಆದರೆ ಸಂಜೆ ಬೆಲ್ ಹೊಡೆದಾಗ ಗೇಟಿನಿಂದ ಓಡಿ ಬರುವ ಆರನೇ ಕ್ಲಾಸಿನ ಮಗುವಿಗೆ ನಾನು "ಕಣ್ ಕಾಣಲ್ವಾ" ಎನ್ನಲಾರೆ.

ಈಗ ಸ್ಮಾರ್ಟ್ ಸಿಟಿ ಯೋಜನೆಯಲ್ಲಿ ಕಮರ್ಷಿಯಲ್ ಸ್ಟ್ರೀಟಿನ ಡಾಂಬರು ಹೋಗಿ ಕಲ್ಲುಹಾಸು ಬಂದಿದೆ. ಹೋದ ವರ್ಷ ಅಮ್ಮನಿಗೆ ಸೀರೆ ತರಲು ಅದೇ ಅಂಗಡಿಗೆ ಹೋದೆ. ಆ ಅಣ್ಣ ಅಲ್ಲೇ ಇದ್ದಾರೆ. ಬಲಗೈ ಪೂರ್ತಿ ತಿರುಗುವುದಿಲ್ಲ, ನೆರಿಗೆ ಹಿಡಿಯುವುದು ಎಡಗೈಯಲ್ಲಿ. ನಾನು ಅವತ್ತಿನ ಸ್ಪೀಡು ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಷ್ಟಿತ್ತಾ ಸಾರ್?" ಎಂದರು. ಆಮೇಲೆ ಸೀರೆ ಮಡಿಸಿ ಕವರಿಗೆ ಹಾಕಿದರು. ಬೊಂಬೆಯ ಮುಂದಿನಿಂದ ಹಿಂದೆ ಸರಿಯುವ ಮೊದಲು ಅವರೀಗ ತಿರುಗಿ ನೋಡುತ್ತಾರೆ.

ನಮ್ಮ ರಸ್ತೆಯಲ್ಲಿ ಎಲ್ಲೆಲ್ಲಿ ಹಂಪ್ ಇದೆಯೋ ಅಲ್ಲಲ್ಲಿ ಯಾರು ಬಿದ್ದರು ಎಂದು ಊರಿನವರಿಗೆ ಗೊತ್ತು. ಶಾಲೆಯ ಮುಂದೆ ಹಂಪ್ ಇಲ್ಲ. ಮೇಷ್ಟ್ರ ಸೀಟಿ ಒಂದೇ ಇದೆ, ಅವರೂ ಬರುವ ಜೂನ್‌ನಲ್ಲಿ ನಿವೃತ್ತರಾಗುತ್ತಾರೆ. ಗೇಟಿನ ಎರಡೂ ಕಡೆ ಹಂಪ್ ಮತ್ತು 30 ಕಿ.ಮೀ. ಬೋರ್ಡು ಕೇಳಿ ಲೋಕೋಪಯೋಗಿ ಇಲಾಖೆಗೆ ಒಂದು ಅರ್ಜಿ ಈಗಷ್ಟೇ ಕೈಬರಹದಲ್ಲಿ ಬರೆದು ಬಾಗಿಲ ಬಳಿಯ ಮೇಜಿನ ಮೇಲೆ ಇಟ್ಟಿದ್ದೇನೆ. ಬೋರ್ಡಿನ ಖರ್ಚು ನಮ್ಮ ಬ್ಯಾಚಿನದು. ಊಟಕ್ಕೆ ಹೋಗುವಾಗ ಸಹಿ ಹಾಕಿ. ಊಟವಾದ ಮೇಲೆ ಕಾರು ತೆಗೆಯುವವರು ಗೇಟಿನ ಹತ್ತಿರ ನೋಡಿಕೊಂಡು ತೆಗೆಯಿರಿ, ಎಲೆ ಎತ್ತುವ ಮಕ್ಕಳು ಅದೇ ದಾರಿಯಲ್ಲಿ ಓಡಾಡುತ್ತಿರುತ್ತಾರೆ.