ಭಾಗಪತ್ರಗಳಲ್ಲಿ ಬರೆದ ಆಳುಗಳು



ಮಠದ ಉತ್ಸವವರ್ಷಗಳಲ್ಲಿ ಭಕ್ತಕುಟುಂಬಗಳು ತಂತಮ್ಮ ವಂಶಾವಳಿಯನ್ನು ಬರೆಯಿಸಲು ತೊಡಗುವುದು ಸಹಜವಾದುದೇ. ಅಟ್ಟದ ಮೇಲಿನ ಪೆಟ್ಟಿಗೆಗಳು ಆಗ ಕೆಳಕ್ಕಿಳಿಯುತ್ತವೆ; ಓಲೆಯ ಕಟ್ಟುಗಳನ್ನೂ ಕಡತಗಳನ್ನೂ ಒರಸಿ ಬಿಚ್ಚಿ ನೋಡುತ್ತಾರೆ. ಪೂರ್ವಿಕನು ಯಾವ ಮಠಕ್ಕೆ ಎಷ್ಟು ಖಂಡುಗ ಬೀಜವರಿಯ ಗದ್ದೆಯನ್ನು ಬಿಟ್ಟನು, ಯಾವ ಅರಸನಿಂದ ಯಾವ ಉಂಬಳಿಯನ್ನು ಪಡೆದನು ಎಂಬುದನ್ನು ಆದರದಿಂದ ಎತ್ತಿ ಬರೆಯಿಸುತ್ತಾರೆ. ಅಂಥ ಕಾಗದಗಳಲ್ಲಿ ಕೆಲವೆಡೆ ಇನ್ನೊಂದು ಪಂಕ್ತಿಯೂ ಇರುವುದುಂಟು. ಗದ್ದೆ, ಹಿತ್ತಲು, ಎತ್ತು, ಕಣಜ ಇವುಗಳ ಸಾಲಿನಲ್ಲಿಯೇ ಆಳುಗಳ ಲೆಕ್ಕ. ವಂಶಾವಳಿಯನ್ನು ಪ್ರತಿಮಾಡುವವನ ಲೇಖನಿಯು ಅಲ್ಲಿಗೆ ಬಂದು ನಿಲ್ಲುತ್ತದೆ; ಬಹುಮಟ್ಟಿಗೆ ಆ ಪಂಕ್ತಿಯನ್ನು ಬಿಟ್ಟು ಮುಂದಕ್ಕೆ ಹೋಗುತ್ತದೆ. ಈ ದಿನದ ಉಪನ್ಯಾಸವು ಆ ಬಿಟ್ಟ ಪಂಕ್ತಿಯನ್ನು ಕುರಿತದ್ದು.

ರಾಮನಾಥಪುರದವರಿಗೆ ಇದು ದೂರದ ವಿಷಯವಲ್ಲ. ರಾಮೇಶ್ವರನ ಗುಡಿಯ ಮುಂದೆ ಹರಿಯುವ ಕಾವೇರಿಯು ಕೊಡಗಿನಿಂದ ಇಳಿದು ಬಂದವಳು. ಅರಕಲಗೂಡು ಸೀಮೆಯ ಪಶ್ಚಿಮದ ಎಲ್ಲೆಯನ್ನು ದಾಟಿದರೆ ಕೊಡಗಿನ ಏಳುಸಾವಿರ ಸೀಮೆ. ಕೊಡ್ಲಿಪೇಟೆ, ಶನಿವಾರಸಂತೆಗಳ ಕಡೆಗೆ ಹೆಣ್ಣು ಕೊಟ್ಟು ತಂದುಕೊಂಡ ಮನೆಗಳು ಇತ್ತಕಡೆಯಲ್ಲಿ ಬಹಳ. 1834ರ ವರೆಗೆ ಕೊಡಗನ್ನಾಳಿದ ಹಾಲೇರಿಯ ಅರಸರು ವೀರಶೈವರು. ಅವರ ದಾನಧರ್ಮಗಳನ್ನು ಮಠಗಳು ಇಂದಿಗೂ ಸ್ಮರಿಸುತ್ತವೆ. ಅದೇ ಅರಸರ ಕಾಲದ ಕೊಡಗಿನಲ್ಲಿ ಮನುಷ್ಯರನ್ನು ಒಡವೆಯಂತೆ ಹೊಂದುವ ಪದ್ಧತಿಯು ನೆಲದ ಪದ್ಧತಿಯೊಡನೆಯೇ ಹೆಣೆದುಕೊಂಡಿದ್ದಿತು. ಅಲ್ಲಿ ಆಳುಗಳು ಎರಡು ಬಗೆ. ಭೂಮಿ ಜಮ್ಮದವರು ನೆಲಕ್ಕೆ ಅಂಟಿದವರು. ನೆಲವು ಕೈಬದಲಾದರೆ ಅದರೊಡನೆ ಅವರೂ ಕೈಬದಲಾಗುವರು, ನೆಲದಿಂದ ಬೇರ್ಪಡಿಸಿ ಅವರನ್ನು ಒಯ್ಯುವಂತಿರಲಿಲ್ಲ. ಒಕ್ಕಲು ಜಮ್ಮದವರು ಧಣಿಯ ಸ್ವಂತ ಸೊತ್ತು, ಮಾರಬಹುದು, ಒತ್ತೆಯಿಡಬಹುದು. ಪಣ್ಯಗಳೆಂಬ ಅರಮನೆಯ ಬೇಸಾಯಗಳಲ್ಲಿ ಅರಮನೆಯದೇ ಆಳುಗಳು ದುಡಿಯುತ್ತಿದ್ದರು.

ಮೈಸೂರು ಸೀಮೆಯವರು ಇದನ್ನು ಕೊಡಗಿನ ಮೇಲೆ ಹೊರಿಸಿ ಕೈತೊಳೆದುಕೊಳ್ಳುವಂತಿಲ್ಲ. ಬಿ. ಎಲ್. ರೈಸರು 1897ರ ಮೈಸೂರು ಗೆಜೆಟಿಯರಿನಲ್ಲಿ ಮಲೆನಾಡಿನ ಎರಡು ಮಾತುಗಳನ್ನು ಕೊಟ್ಟಿದ್ದಾರೆ: ಹುಟ್ಟಾಳು, ಮಣ್ಣಾಳು. ಮನೆಯಲ್ಲಿಯೇ ಹುಟ್ಟಿ ಆ ಮನೆತನಕ್ಕೆ ತಲೆತಲಾಂತರವಾಗಿ ದುಡಿಯುವವನು ಹುಟ್ಟಾಳು. ಭೂಮಿಯೊಡನೆ ಕ್ರಯವಿಕ್ರಯಕ್ಕೆ ಸಲ್ಲುವವನು ಮಣ್ಣಾಳು. ದಕ್ಷಿಣ ಕನ್ನಡದಲ್ಲಿ ಮೂಲಿ ವರ್ಗಕ್ಕೆ ಸೇರಿದ ಮೂಲದಾಳುಗಳೆಂದೂ ಸಾಲದಿಂದ ಕಟ್ಟುಬಿದ್ದ ಸಾಲದಾಳುಗಳೆಂದೂ ಭೇದವಿದ್ದಿತು. ಹೆಸರುಗಳು ಬೇರೆಯಾದರೂ ಎಲ್ಲೆಡೆಯಲ್ಲಿಯೂ ನೆಲವೇ ಮೊದಲು, ಮನುಷ್ಯನು ಅದರ ಅನುಬಂಧ.

ಶಾಸ್ತ್ರವು ಇದನ್ನು ತಿಳಿಯದೆ ಇರಲಿಲ್ಲ. ಮನುವು ದಾಸರಲ್ಲಿ 7 ಬಗೆಯನ್ನೂ ನಾರದನು 15 ಬಗೆಯನ್ನೂ ಎಣಿಸಿದ್ದಾರೆ. ನಾರದನ ಎಣಿಕೆಯಲ್ಲಿ ಗೃಹಜಾತ, ಕ್ರೀತ, ಲಬ್ಧರೊಡನೆ ದಾಯಾಗತನೂ ಇದ್ದಾನೆ; ಎಂದರೆ ಪಿತ್ರಾರ್ಜಿತವಾಗಿ ಬಂದ ದಾಸನು. ಆದಕಾರಣ ಭಾಗಪತ್ರದಲ್ಲಿ ಆಳಿನ ಹೆಸರನ್ನು ಕಂಡು ಇದು ಯಾರೋ ಪ್ರತಿಕಾರನ ಪ್ರಮಾದವೆಂದು ಭಾವಿಸುವುದಕ್ಕೆ ಆಸ್ಪದವಿಲ್ಲ. ಬರೆದವನು ಸ್ಮೃತಿಯು ಹೇಳಿದ ವರ್ಗದಲ್ಲಿಯೇ ಬರೆದನು. ಅದೇ ನಾರದಸ್ಮೃತಿಯು ಬಿಡುಗಡೆಯ ವಿಧಿಯನ್ನೂ ಹೇಳುತ್ತದೆ: ಒಡೆಯನು ದಾಸನ ಹೆಗಲ ಮೇಲಿನ ನೀರಿನ ಕೊಡವನ್ನು ತೆಗೆದು ಒಡೆದು, ಅವನ ತಲೆಗೆ ನೀರನ್ನು ಪ್ರೋಕ್ಷಿಸಿ, ಇವನು ಅದಾಸನೆಂದು 3 ಸಾರಿ ಸಾರಬೇಕು. ಆ ಕೊಡವು ಎಷ್ಟು ಮನೆಗಳಲ್ಲಿ ಒಡೆಯಿತೋ, ಶಿವನೇ ಬಲ್ಲ.

ಬ್ರಿಟಿಷರ ಆಳ್ವಿಕೆಯಲ್ಲಿ ನಡೆದುದು ಬೇರೆ ಬಗೆ. ಇಲ್ಲಿ ಒಂದು ವ್ಯತ್ಯಾಸವನ್ನು ಗಮನಿಸದೆ ಹೋದರೆ ಶೋಧಕನು ದಾರಿತಪ್ಪುವನು. 1833ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ವೆಸ್ಟ್ ಇಂಡೀಸ್ ಮೊದಲಾದೆಡೆಗಳ ಗುಲಾಮಗಿರಿಯನ್ನು ತೆಗೆದುಹಾಕುವ ಕಾಯಿದೆಯನ್ನು ಮಾಡಿತು. ಒಡೆಯರಿಗೆ ಪರಿಹಾರವಾಗಿ 2 ಕೋಟಿ ಪೌಂಡುಗಳನ್ನು ಗೊತ್ತುಮಾಡಿತು. ಕಳೆದುಕೊಂಡವನು ಒಡೆಯನೆಂದೂ ಪರಿಹಾರವು ಅವನಿಗೆ ಸಲ್ಲತಕ್ಕುದೆಂದೂ ತೀರ್ಮಾನಿಸಿದ ಆ ನ್ಯಾಯವನ್ನು ಏನೆನ್ನಬೇಕು! ಆದರೂ ಹಣದ ಆಸೆಯಿಂದ ಪ್ರತಿಯೊಬ್ಬ ಒಡೆಯನೂ ಅರ್ಜಿಯನ್ನು ಕೊಟ್ಟುದರಿಂದ ಅವರ ಹೆಸರುಗಳೆಲ್ಲ ಉಳಿದುಕೊಂಡವು. ಈಚೆಗೆ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ವಿದ್ವಾಂಸರು ಆ ಅರ್ಜಿಗಳನ್ನೂ ಮರಣಶಾಸನಗಳನ್ನೂ ಹೊಂದಿಸಿ ಒಡೆಯರ ಪಟ್ಟಿಯನ್ನು ಸರ್ವರಿಗೂ ತೆರೆದಿಟ್ಟಿದ್ದಾರೆ. ಅಲ್ಲಿಯ ಮನೆತನದವನು ತನ್ನ ಪೂರ್ವಿಕನನ್ನು ಅರ್ಧ ಗಳಿಗೆಯಲ್ಲಿ ಕಂಡುಕೊಳ್ಳಬಲ್ಲನು.

ಕಂಪನಿಯ ಹಿಂದೂಸ್ಥಾನವನ್ನು ಆ ಕಾಯಿದೆಯಿಂದ ಹೊರಗಿಟ್ಟಿದ್ದರು. ಇಲ್ಲಿಗೆ ಬಂದುದು 1843ರ 5ನೆಯ ಕಾಯಿದೆ. ಮಂಗಳೂರು ಸಮಾಚಾರವು ಹೊರಟ ವರ್ಷವೇ ಅದು. ಅದರಲ್ಲಿ ದಾಸರನ್ನು ಬಿಡುಗಡೆ ಮಾಡತಕ್ಕುದೆಂಬ ಮಾತಿಲ್ಲ. ಕಂದಾಯದ ಬಾಕಿಗಾಗಲಿ ಡಿಕ್ರಿಯ ಜಾರಿಗಾಗಲಿ ಅಧಿಕಾರಿಯು ಮನುಷ್ಯರನ್ನು ಮಾರತಕ್ಕುದಲ್ಲ. ದಾಸತ್ವದಿಂದ ಹುಟ್ಟಿದ ಹಕ್ಕನ್ನು ನ್ಯಾಯಸ್ಥಾನವು ಎತ್ತಿಹಿಡಿಯತಕ್ಕುದಲ್ಲ. ದಾಸನೆಂಬ ಕಾರಣದಿಂದ ಯಾರ ಆಸ್ತಿಯನ್ನೂ ಕಿತ್ತುಕೊಳ್ಳತಕ್ಕುದಲ್ಲ. ಸ್ವತಂತ್ರನಿಗೆ ಮಾಡಿದರೆ ಅಪರಾಧವಾಗುವುದು ದಾಸನಿಗೆ ಮಾಡಿದರೂ ಅಪರಾಧವೇ. ಇಷ್ಟೇ. ಒಡೆಯನು ಬರೆದುಕೊಡಬೇಕಾದ ಕಾಗದವಿಲ್ಲ, ಪರಿಹಾರವಿಲ್ಲ. ಆದುದರಿಂದ ಪಟ್ಟಿಯೂ ಇಲ್ಲ. ಇಟ್ಟುಕೊಳ್ಳುವುದೂ ಕೊಳ್ಳುವುದೂ ಮಾರುವುದೂ ಶಿಕ್ಷಾರ್ಹವಾದುದು ಪೀನಲ್ ಕೋಡು ಜಾರಿಗೆ ಬಂದ 1862ರಿಂದ. ಕನ್ನಡ ನಾಡಿನ ಒಡೆಯನನ್ನು ಹುಡುಕುವವನಿಗೆ ಉಳಿದ ದಾರಿಯೆಂದರೆ ನೆಲದ ಕಾಗದಗಳೇ.

ಅವು ಯಾವುವು? ಕೊಡಗಿನಲ್ಲಿ ಲಿಂಗರಾಜೇಂದ್ರನು 1812ರ ಸುಮಾರಿಗೆ ಮಾಡಿಸಿದ ಶಿಸ್ತಿನ ಲೆಕ್ಕಗಳು. ಗದ್ದೆಗದ್ದೆಯ ಹೆಸರನ್ನೂ ಭಟ್ಟಿಯ ಅಳತೆಯನ್ನೂ ಹಿಡುವಳಿದಾರನನ್ನೂ ಅವು ಹೇಳುತ್ತವೆ. ಇತ್ತಕಡೆಯಲ್ಲಿ ಶಾನುಭೋಗರ ಕಡತಗಳು, ಇನಾಂ ಕಮಿಷನ್ನಿನ ದಾಖಲೆಗಳು, ಮನೆಮನೆಯ ಭಾಗಪತ್ರ, ಕ್ರಯಪತ್ರ, ಭೋಗ್ಯಪತ್ರಗಳು. ಮರಣಶಾಸನವೆಂಬುದು ಅವಿಭಕ್ತ ಕುಟುಂಬದ ಧರ್ಮಕ್ಕೆ ಹೊಸದು. ಬ್ರಿಟಿಷ್ ಕೋರ್ಟುಗಳೊಡನೆ ಬೆಳೆದುದು. ಆದಕಾರಣ ಹಳೆಯ ಮರಣಶಾಸನವು ದೊರೆಯಲಿಲ್ಲವೆಂದು ನಿರಾಶೆಗೊಳ್ಳದೆ ಭಾಗಪತ್ರವನ್ನೇ ಓದಬೇಕು. ಓದುವಾಗ ಇಸವಿಯ ಮೇಲೆ ಕಣ್ಣಿರಲಿ. 1843ರ ಬಳಿಕ ಜಮ್ಮದಾಳು, ಮೂಲದಾಳು ಎಂಬ ಮಾತಿಗೆ ಕೋರ್ಟಿನಲ್ಲಿ ಬೆಲೆಯಿಲ್ಲ. ಕಾಗದದಿಂದ ಮಾತು ಹೋದೊಡನೆ ಗದ್ದೆಯಿಂದ ಮನುಷ್ಯನು ಹೋದನೆಂದು ತಿಳಿಯತಕ್ಕುದಲ್ಲ. ಅವನು ಸಾಲಪತ್ರದಲ್ಲಿ ಕಾಣಿಸಿಕೊಳ್ಳುತ್ತಾನೆ: ಮದುವೆಗೆಂದು ತೆಗೆದುಕೊಂಡ ಸಾಲ, ಅದು ತೀರುವವರೆಗೆ ಜೀತ, ಮಗನೂ ಅದಕ್ಕೆ ಬಾಧ್ಯ. ಮುಂಗಡವನ್ನು ಪಡೆದು ಕೆಲಸಕ್ಕೆ ಬಾರದ ಕೂಲಿಯವನನ್ನು 3 ತಿಂಗಳವರೆಗೆ ಸೆರೆಯಲ್ಲಿಡಬಹುದೆಂಬ 1859ರ 13ನೆಯ ಕಾಯಿದೆಯು ತೋಟದ ಧಣಿಗಳಿಗೆ ಬಲುಮಟ್ಟಿಗೆ ನೆರವಾಯಿತು. ಅದು ರದ್ದಾದುದು 1925ರ ಕಾಯಿದೆಯಿಂದ.

ಇನ್ನು ಆಳಿನ ಕಡೆಯಿಂದ ನೋಡಿದರೆ ಸೋಜಿಗವೊಂದಿದೆ. ಮೈಸೂರು ಸೀಮೆಯ ಹಳ್ಳಿಗಳಲ್ಲಿ ಎಲ್ಲೆಯ ತಕರಾರು ಎದ್ದಾಗ ಊರವರು ಕರೆಯುತ್ತಿದ್ದುದು ಕುಳವಾಡಿಯನ್ನು. ಊರ ಮಣ್ಣಿನ ಉಂಡೆಯನ್ನು ತಲೆಯ ಮೇಲಿಟ್ಟುಕೊಂಡು ಅವನು ಎಲ್ಲೆಯುದ್ದಕ್ಕೂ ನಡೆಯುವನು. ಸರಿಯಾದ ಗೆರೆಯಲ್ಲಿ ನಡೆದರೆ ಉಂಡೆಯು ಉಳಿಯುವುದು, ತಪ್ಪಿದರೆ ಒಡೆಯುವುದು ಎಂಬ ನಂಬಿಕೆ. ಮೆಕೆಂಜಿಯೆಂಬ ಅಧಿಕಾರಿಯು 1873ರ ಇಂಡಿಯನ್ ಆ್ಯಂಟಿಕ್ವರಿಯಲ್ಲಿ ಇಂಥ ಸಂಗತಿಗಳನ್ನು ಬರೆದಿಟ್ಟಿದ್ದಾನೆ. ಯಾವ ಕುಲದವರನ್ನು ನೆಲದ ಅನುಬಂಧವೆಂದು ಕಾಗದದಲ್ಲಿ ಬರೆದರೋ ಆ ಕುಲದವನ ನಡಿಗೆಯೇ ನೆಲಕ್ಕೆ ದಾಖಲೆಯಾಗಿದ್ದಿತು. ಹಳೆಯ ಪತ್ರದ ಚಕ್ಕುಬಂದಿಯನ್ನು ಓದುವವರು ಇದನ್ನು ನೆನೆಯಬೇಕು.

ಇಷ್ಟನ್ನು ಕೇಳಿದ ಬಳಿಕ ಮನೆತನದ ಹಿರಿಯರು ಒಂದು ಪ್ರಶ್ನೆಯನ್ನು ಎತ್ತುವರು: ಮಠಕ್ಕೆ ಭೂಮಿಯನ್ನು ಬಿಟ್ಟ ಪುಣ್ಯಾತ್ಮನ ಹೆಸರಿಗೆ ಇದನ್ನೇಕೆ ಅಂಟಿಸಬೇಕು? ದಾನವು ಸುಳ್ಳಲ್ಲ, ಪತ್ರವೂ ಸುಳ್ಳಲ್ಲ. ಒಂದೇ ಕಾಗದದ ಮೇಲಿನ ಪಂಕ್ತಿಯನ್ನು ಪ್ರಮಾಣವೆಂದು ಹಿಡಿದು ಕೆಳಗಿನದನ್ನು ಬಿಡುವುದು ಪ್ರಮಾಣಶಾಸ್ತ್ರಕ್ಕೆ ಒಪ್ಪುವ ಮಾತಲ್ಲ. ಮೇಲಾಗಿ, ಮಂತ್ರಿಪದವಿಯಲ್ಲಿದ್ದ ಬಸವಣ್ಣನವರು ತಮ್ಮ ಹುಟ್ಟನ್ನು ಹೇಳಿಕೊಳ್ಳುವಾಗ ಮಾದಾರ ಚೆನ್ನಯ್ಯನ ಮನೆಯ ದಾಸನ ಮಗನಿಗೂ ಡೋಹರ ಕಕ್ಕಯ್ಯನ ಮನೆಯ ದಾಸಿಯ ಮಗಳಿಗೂ ಹುಟ್ಟಿದ ಮಗನು ತಾನೆಂದರು. ಇಲ್ಲದ ದಾಸ್ಯವನ್ನು ತಮ್ಮ ವಂಶಕ್ಕೆ ತಾವೇ ತಂದುಕೊಂಡವರು ಅವರು. ಅವರನ್ನು ಗುರುವೆಂದು ನೆನೆಯುವ ಮನೆಗಳು ತಮ್ಮ ವಂಶದಲ್ಲಿದ್ದ ಒಡೆತನವನ್ನು ಅಳಿಸಿ ಬರೆಯಿಸಬಹುದೇ? ಪತ್ರಗಳಲ್ಲಿರುವ ಕುಲವಾಚಕ ಶಬ್ದಗಳನ್ನು ಇಂದು ಯಾರನ್ನಾದರೂ ಕರೆಯಲು ಬಳಸುವುದು ಅಪರಾಧ. ಆಳಿನ ಹೆಸರನ್ನು ಹೆಸರಾಗಿಯೇ ಪ್ರತಿಮಾಡುವುದು ಕರ್ತವ್ಯ.

ಕಾಗದವು ಮುಂದಕ್ಕೂ ಹರಿಯುತ್ತದೆ. ಇನಾಂಗಳು 1954, 1955ರ ಕಾಯಿದೆಗಳಿಂದ ಹೋದವು. 1974ರ ಭೂಸುಧಾರಣೆಯಲ್ಲಿ ಉಳುವವನು ಒಡೆಯನಾದನು. ಗೇಣಿದಾರನಿಗೆ ಅದು ಸಲ್ಲಿತು, ಗೇಣಿಯೆಂಬುದೇ ಇಲ್ಲದೆ ಬರಿಯ ಹೊಟ್ಟೆಗಾಗಿ ದುಡಿದ ಜೀತದವನಿಗೆ ಬಹುಮಟ್ಟಿಗೆ ಸಲ್ಲಲಿಲ್ಲ. ಅವನಿಗಾಗಿ ಬಂದುದು 1976ರ ಜೀತವಿಮುಕ್ತಿ ಕಾಯಿದೆ. ಅದರ ನಿಯಮಗಳಂತೆ ಬಿಡುಗಡೆಯಾದವರ ಹೆಸರು ವಿಳಾಸಗಳಿಗೆ ಒಂದು ರಿಜಿಸ್ಟರು, ಅವರ ಕಸುಬು ವರಮಾನಗಳಿಗೆ ಒಂದು, ಅವರಿಗೆ ದೊರೆತ ಸೌಲಭ್ಯಗಳಿಗೆ ಇನ್ನೊಂದು ಇರತಕ್ಕುದು. ವಂಶಾವಳಿಯನ್ನು ಬರೆಯುವವರು ಮನೆಯ ಭಾಗಪತ್ರವನ್ನು ಒಂದು ಕೈಯಲ್ಲಿ ಹಿಡಿದು ಈ ರಿಜಿಸ್ಟರುಗಳವರೆಗೂ ಹೋಗಿ ಬರಬೇಕು. ಭಾಗಪತ್ರದಲ್ಲಿ ಗದ್ದೆಯ ಹೆಸರಿನ ಕೆಳಗೆ ಆಳಿನ ಹೆಸರಿದ್ದಿತು. ಈ ಕೊನೆಯ ರಿಜಿಸ್ಟರಿನಲ್ಲಿ ಮೊದಲು ಮನುಷ್ಯನ ಹೆಸರು ಬರುತ್ತದೆ, ಅವನಿಗೆ ಕೊಟ್ಟ ಭೂಮಿಯಿದ್ದರೆ ಅದು ಅವನ ಹೆಸರಿನ ಮುಂದೆ ಬರುತ್ತದೆ.